ಕೊವೆಂಟ್ರಿಯಲ್ಲೊಂದು ಬಾವಿಕಟ್ಟಿ

ತಮ್ಮ ಇರುವ ಇಂಗ್ಲೆಂಡಿನ ಕೊವೆಂಟ್ರಿ ನೋಡಲು ಬಂದ ನನಗೆ ಮೊದಲು ಸಿಕ್ಕಿದ್ದು ಡಾಕ್ಟರ ಕ್ಲಿನಿಕ್ಕಿನ ಕುರ್ಚಿ. ಅವನಿಗೆ ಬೆನ್ನುನೋವು. ಕೌಂಟರಿನ ಹುಡುಗಿ ಯಾರದೋ ಹೆಸರನ್ನು ತಡವರಿಸಿ ಕೂಗಿದಳು. ಬಾವಿಕಟ್ಟಿ ಎಂಬ ನಮ್ಮ ಅಡ್ಡಹೆಸರು ಇಲ್ಲಿ ದಿನಕ್ಕೊಂದು ರೂಪ ತಾಳುವುದರಿಂದ ತಮ್ಮ ಎದ್ದು ನಿಂತ. ಎದುರಿನ ಸಾಲಿನಿಂದ ಒಬ್ಬ ಅಜ್ಜಿಯೂ ಎದ್ದರು. ಒಳಗೆ ಹೋದವರು ಮಾತ್ರ ಮೂರನೆಯವರು!

"ಹೆಸರು ತಪ್ಪಾಗಿ ಕೂಗಿದರೆ ನನ್ನದೇ ಅಂತ ಎದ್ದುಬಿಡ್ತೀನಿ" ಎಂದು ಅಜ್ಜಿ ಇಂಗ್ಲಿಷಿನಲ್ಲಿ ಹೇಳಿ ನಕ್ಕರು. ಫ್ರಾನ್ಸಿನವರು. ಅಡ್ಡಹೆಸರು ದ್ಯುಪ್ವಿ, ಅಂದರೆ ಬಾವಿಯ ಹತ್ತಿರದವರು. ಬರೆಯುವಾಗ ಕೊನೆಗೊಂದು 'ಎಸ್' ಇದೆ, ಅದನ್ನು ಉಚ್ಚರಿಸಬಾರದಂತೆ.

"ನಮ್ಮಲ್ಲಿ ಊರೂರಿಗೂ ಬಾವಿ ಇತ್ತು, ಹಾಗಾಗಿ ದ್ಯುಪ್ವಿಗಳಿಗೆ ಬರವಿಲ್ಲ. ಇಲ್ಲಿ ಅದನ್ನು ಸರಿಯಾಗಿ ಹೇಳ್ತಿದ್ದವರು ನನ್ನ ಗಂಡ ಒಬ್ಬರೇ. ಅವರು ಹೋದಮೇಲೆ ಯಾರ ಬಾಯಲ್ಲೂ ಕೇಳಿಲ್ಲ."

ತಮ್ಮ ನನ್ನತ್ತ ತಿರುಗಿದ. "ಅಕ್ಕಾ, ಇವ್ರೂ ನಮ್ಮ ಮನಿಯವರ ನೋಡು!"

ಕೊಡ ಇಳಿಸಿ ಸುಧಾರಿಸಿಕೊಳ್ಳುವ ಬಾವಿಯ ಕಟ್ಟೆಯೇ ನಮ್ಮ ಹೆಸರು ಎಂದು ಅವನು ಅಜ್ಜಿಗೆ ಕೈಯನ್ನು ಗುಂಡಗೆ ಸುತ್ತಿಸಿ ವಿವರಿಸಿದ. ಆಮೇಲೆ ಅವರ ಹೆಸರು ಹೇಳಲು ಹೋಗಿ ಎಡವಿದ. ಅಜ್ಜಿ ತುಟಿ ಚೂಪು ಮಾಡಿ ತೋರಿಸಿದರು. ಕೊನೆಗೂ ಸರಿಯಾಗಿ ಬಂತು: "ಮದಾಮ್ ದ್ಯುಪ್ವಿ."

ಅಜ್ಜಿ ಇನ್ನೂ ನಿಂತೇ ಇದ್ದರು. ಪಕ್ಕದ ಕುರ್ಚಿಯಿಂದ ತಮ್ಮ ತನ್ನ ಚೀಲ ತೆಗೆದು, ಇಂಗ್ಲಿಷ್ ಮರೆತು, "ಬರ್ರೀ, ಕಟ್ಟಿ ಮ್ಯಾಲ ಕೂಡ್ರಿ" ಎಂದ.

ಒಂದಕ್ಷರವೂ ತಿಳಿಯದ ಅವರು ಬಂದು ಕೂತರು.