ಉಣಕಲ್ ಕೆರೆಯ ದಂಡೆಯಲ್ಲಿ ಮಗಳೊಡನೆ

ಬೆಳಗಾವಿಗೆ ಹಿಂತಿರುಗುವ ಬಸ್ಸಿನಲ್ಲಿ ಕುಳಿತು ಇದನ್ನು ಬರೆಯುತ್ತಿದ್ದೇನೆ.

ಮಗಳು ಗೌರಿಗೆ ಎರಡು ವರ್ಷ ತುಂಬಿದೆ. ನಾನೂ ಹೆಂಡತಿಯೂ ಬೇರೆಯಾದಾಗ ಅವಳಿನ್ನೂ ಅಂಬೆಗಾಲಿಡುತ್ತಿದ್ದಳು. ತಿಂಗಳಿಗೊಂದು ರವಿವಾರ ಅವಳನ್ನು ಕಾಣಬಹುದೆಂದು ಕೋರ್ಟು ಹೇಳಿದ ಮೇಲೆ ಇವತ್ತೇ ಮೊದಲ ಭೇಟಿ. ಅವಳ ಸೋದರಮಾವ ಹುಬ್ಬಳ್ಳಿಯ ಮನೆಯಿಂದ ಉಣಕಲ್ ಕೆರೆಗೆ ಕರೆತಂದಿದ್ದ.

ಮಳೆಗಾಲ ಮುಗಿದು ಕೆರೆ ತುಂಬಿತ್ತು, ಬಿಸಿಲು ಹಿತವಾಗಿತ್ತು. ಹುಲ್ಲಿನಲ್ಲಿ ಮಿಡತೆಯ ಹಿಂದೆ ಓಡಿ ಬಿದ್ದ ಗೌರಿ ಅಳಲಿಲ್ಲ. ನನ್ನ ಬೆರಳು ಹಿಡಿದು ಎದ್ದು, “ಕಾಕಾ, ಅಲ್ನೋಡು, ಹಾರಿತು” ಎಂದಳು.

ಸೋದರಮಾವ ಮುಜುಗರಪಟ್ಟ. “ಮನಿಗೆ ಬಂದ ಗಂಡಸರಿಗೆಲ್ಲಾ ಕಾಕಾ ಅಂತಾಳ್ರಿ. ಬ್ಯಾಸರ ಮಾಡ್ಕೋಬ್ಯಾಡ್ರಿ.”

“ಇಲ್ಲ ಬಿಡ್ರಿ” ಎಂದೆ.

ದಂಡೆಯ ಮೇಲೆ ಒಬ್ಬ ಅಜ್ಜಿ ಗೊಂಜಾಳದ ತೆನೆ ಸುಡುತ್ತಿದ್ದಳು. ಒಂದು ತೆನೆ ಕೊಂಡೆ. ಅಜ್ಜಿ ನಾಲ್ಕು ಕಾಳು ಬಿಡಿಸಿ ಗೌರಿಯ ಅಂಗೈಗೆ ಹಾಕಿ, “ನಿಮ್ಮಪ್ಪಗ ಒಂದ್ ಕಾಳು ತಿನಸವಾ” ಎಂದಳು.

ಗೌರಿ ಸುತ್ತ ನೋಡಿದಳು. ನನ್ನ ಹಿಂದೆ ನೋಡಿದಳು, ದಾರಿಯ ಕಡೆ ನೋಡಿದಳು. ಆಮೇಲೆ ಅಜ್ಜಿಗೆ ಹೇಳಿದಳು, “ಅಪ್ಪ ಇಲ್ಲ.”

ಕೆಂಡಕ್ಕೆ ಗಾಳಿ ಹಾಕುತ್ತಿದ್ದ ಅಜ್ಜಿಯ ಬೀಸಣಿಗೆ ನಿಂತಿತು. ಸೋದರಮಾವ ಕೆರೆಯ ಕಡೆ ಮುಖ ತಿರುಗಿಸಿದ. ಅಂಗೈ ಚಾಚಿಕೊಂಡೇ ನಿಂತ ಮಗುವಿನ ಮುಂದೆ ನಾನು ಕುಕ್ಕರಗಾಲಲ್ಲಿ ಕುಳಿತೆ.

“ಹಂಗಾರ ಕಾಕಾಗ ತಿನಸು.”

ಅವಳಿಗೆ ಖುಷಿಯಾಯಿತು. ಒಂದು ಕಾಳನ್ನು ಆರಿಸಿ, ಕೆನ್ನೆ ಉಬ್ಬಿಸಿ ಎರಡು ಸಲ ಊದಿ, ನನ್ನ ಬಾಯಿಗಿಟ್ಟಳು.

“ಬಿಸಿ ಐತಿ, ಕಾಕಾ” ಎಂದಳು.