ಸದ್ದಿಲ್ಲದ ಗಾಡಿ, ರಟ್ಟಾದ ಗುಟ್ಟು

ನಾನು ಓಡಿಸುವ ಗಾಡಿಗೆ ಸದ್ದಿಲ್ಲ. ಇದು ಹೊಗಳಿಕೆಯಲ್ಲ, ದೂರು. ಹೊಸನಗರದ ಕಡೆಯ ನಮ್ಮ ಗ್ರಾಮ ಪಂಚಾಯಿತಿಯ ಕಸದ ಗಾಡಿ ಈ ಮಳೆಗಾಲದಿಂದ ಬ್ಯಾಟರಿಯದು. ಹಳೆಯ ಡೀಸೆಲ್ ಗಾಡಿ ಕೆಳಗಿನ ತಿರುವಿನಲ್ಲಿ ಒಂದು ಸಲ ಕೆಮ್ಮಿದರೆ ಮೇಲಿನಕೇರಿಯ ಹೆಂಗಸರು ಬಕೆಟ್ ಹಿಡಿದು ಗೇಟಿಗೆ ಬರುತ್ತಿದ್ದರು, ನಾಯಿಗಳು ಬೊಗಳಲು ಎದ್ದು ನಿಲ್ಲುತ್ತಿದ್ದವು. ಈಗ ನಾಯಿ ಮಲಗಿದಲ್ಲಿಂದಲೇ ಒಂದು ಕಣ್ಣು ತೆರೆದು, ನೋಡಿ, ಮತ್ತೆ ಮುಚ್ಚುತ್ತದೆ. ಗಾಡಿಯ ತಲೆಯ ಮೇಲೊಂದು ಸ್ಪೀಕರ್ ಇತ್ತು. ಮೊದಲ ಮಳೆಗೇ ಅದರ ಹೊಟ್ಟೆಗೆ ನೀರು ಹೋಗಿ, ಕಸ ಕೊಡಿ ಎನ್ನುವ ಹೆಣ್ಣುದನಿ ಬಾಯಿ ಮುಕ್ಕಳಿಸಿದ ಹಾಗೆ ಕೇಳಿಸತೊಡಗಿತು. ಎರಡನೇ ಮಳೆಗೆ ಅದೂ ನಿಂತಿತು.

ಸದ್ದಿಲ್ಲದಿದ್ದರೆ ನನಗೆ ಆಗುವುದಿಲ್ಲ. ಮೊದಲು ನಾನು ಮನೆ ಕಟ್ಟುವ ಜಂಬಿಟ್ಟಿಗೆ ಕಲ್ಲಿನ ಲಾರಿ ಓಡಿಸುತ್ತಿದ್ದೆ. ಹುಲಿಕಲ್ ಘಾಟಿಯಲ್ಲಿ ಮಂಜು ಕವಿದು ಎದುರಿನ ಬಾನೆಟ್ಟೇ ಕಾಣದಿದ್ದಾಗ ಇಂಜಿನ್ನಿನ ದನಿ ಕೇಳಿಕೊಂಡೇ ಗೇರು ಹಾಕಿದವನು. ತಿಂಗಳಿಗೆ ನಾಲ್ಕು ದಿನ ಮನೆಯಲ್ಲಿ, ಉಳಿದದ್ದು ಲಾರಿಯಲ್ಲಿ. ಸ್ನಾನಕ್ಕೆ ಸಿಕ್ಕ ಹೊಳೆ, ಊಟಕ್ಕೆ ಸಿಕ್ಕ ಹೋಟೆಲು. ಕಸದ ಗಾಡಿಯ ಕೆಲಸ ಸಿಕ್ಕಾಗ ಗೆಳೆಯರು ನಕ್ಕರು. ನಗಲಿ. ದಿನಾ ಮಧ್ಯಾಹ್ನ ಮನೆಯ ಊಟ ಮಾಡಿ, ಮನೆಯ ಬಚ್ಚಲಲ್ಲಿ ಬಿಸಿನೀರು ಹೊಯ್ದುಕೊಳ್ಳುವ ಸುಖ ಅವರಿಗೆ ಗೊತ್ತಿಲ್ಲ.

ಈ ಗಾಡಿ ಬಂದದ್ದು ಒಂದು ಪದದಿಂದ. ಗ್ರಾಮಸಭೆಯಲ್ಲಿ ನಮ್ಮ ಪಂಚಾಯಿತಿ ಅಧಿಕಾರಿ, ಎಲ್ಲರ ಬಾಯಲ್ಲೂ ಪಿಡಿಓ, ಕನ್ನಡಕ ಏರಿಸಿ ಸುತ್ತೋಲೆ ಓದಿದರು: ಸ್ಥಳೀಯ ಮಟ್ಟದಲ್ಲಿ ಇಂಗಾಲದ ಹೊರಸೂಸುವಿಕೆಯನ್ನು ತಗ್ಗಿಸುವ ನಿಟ್ಟಿನಲ್ಲಿ ಸಾರ್ವಜನಿಕ ಸಹಭಾಗಿತ್ವ. ಹತ್ತನೇ ತರಗತಿಯಲ್ಲಿ ಎರಡು ಸಲವೂ ಕನ್ನಡದಲ್ಲೇ ಫೇಲಾದ ನನಗೆ ಇಂಥ ವಾಕ್ಯ ಕಂಡರೆ ಈಗಲೂ ಬೆವರು ಬರುತ್ತದೆ. ಹಿಂದಿನ ಬೆಂಚಿನಿಂದ ಒಬ್ಬರು ಹಿರಿಯರು ಎದ್ದರು.

"ಇಂಗುಗುಂಡಿ ಹೋದ್ವರ್ಷನೇ ತೆಗ್ದಾತಲ ಸಾರ್. ಮತ್ತೆ ತೆಗೀಬೇಕನಾ?"

ಮಳೆನೀರು ನೆಲಕ್ಕೆ ಇಂಗಲೆಂದು ತೋಡುವ ಗುಂಡಿ ನಮ್ಮಲ್ಲಿ ಎಲ್ಲರಿಗೂ ಗೊತ್ತು. ಇಂಗಾಲ ಯಾರಿಗೂ ಗೊತ್ತಿಲ್ಲ. ಪಿಡಿಓ ಅರ್ಧ ಗಂಟೆ ಬಿಡಿಸಿ ಹೇಳಿದರು. ವಾತಾವರಣ ಬಂತು, ಸಮುದ್ರ ಬಂತು, ಹಿಮ ಬಂತು. ಮುಗಿದ ಮೇಲೆ ಅದೇ ಹಿರಿಯರು ಕೂರುತ್ತಾ, "ಹೊಗೆ ಅಂದ್ರೆ ಆಗ್ತಿತ್ತಲ" ಎಂದರು. ಸಭೆಯಲ್ಲಿ ನನಗೆ ಅರ್ಥವಾದದ್ದು ಅದೊಂದೇ ವಾಕ್ಯ.

ಅಂತೂ ನಿರ್ಣಯವಾಯಿತು. ಇನ್ನು ಕಸ ಸುಡುವಂತಿಲ್ಲ; ಎಲ್ಲ ಒಣ ಕಸ ಗಾಡಿಗೆ, ಗಾಡಿಯಿಂದ ಸಾಗರದ ಕಸ ವಿಂಗಡಿಸುವ ಘಟಕಕ್ಕೆ. ಗಾಡಿ ಕೊಟ್ಟ ಜಿಲ್ಲಾ ಪಂಚಾಯಿತಿಯವರು ಒಂದು ಷರತ್ತು ಹಾಕಿದ್ದರು. ಮಳೆಗಾಲ ಮುಗಿಯುವುದರೊಳಗೆ ಎಲ್ಲ ಕೇರಿಗಳಿಂದಲೂ ಪ್ಲಾಸ್ಟಿಕ್ ಬರಬೇಕು. ಬರದಿದ್ದರೆ ಗಾಡಿ ಪಕ್ಕದ ಪಂಚಾಯಿತಿಗೆ, ನಾನು ಮತ್ತೆ ಕಲ್ಲಿನ ಲಾರಿಗೆ.

ಕೆಳಗಿನ ಪೇಟೆಯಿಂದ ಬಂತು. ಮೇಲಿನಕೇರಿಯಿಂದ ಬರಲಿಲ್ಲ. ಹರಿದ ಚಪ್ಪಲಿ, ಒಡೆದ ಟ್ಯೂಬ್‌ಲೈಟು, ಒಂದು ಸಲ ಕೈಯಿಲ್ಲದ ಗೊಂಬೆ, ಇವೆಲ್ಲ ಬಂದವು. ಹಾಲಿನ ಕವರು ಮಾತ್ರ ಒಂದೂ ಇಲ್ಲ.

"ಏನಪ್ಪಾ ಮಂಜ, ನಿಮ್ಮ ಮೇಲಿನಕೇರಿಯವರು ಹಾಲೇ ಕುಡಿಯಲ್ವಾ?" ಎಂದು ಪಿಡಿಓ ಕೇಳಿದರು.

"ಕರೀಕಾಫಿ ಇರ್ಬೇಕು ಸಾರ್" ಎಂದೆ. ನಾನೂ ಮೇಲಿನಕೇರಿಯವನೇ. ನನಗೂ ಗೊತ್ತಿರಲಿಲ್ಲ.

ಆಷಾಢದ ಒಂದು ದಿನ ಪೂರ್ತಿ ಕರೆಂಟಿರಲಿಲ್ಲ. ನಮ್ಮ ಹೊಳೆಯ ನೀರಲ್ಲಿ ಕರೆಂಟು ಹುಟ್ಟಿಸಿ ಊರಿಗೆಲ್ಲ ಕಳಿಸುತ್ತಾರೆ, ನಮ್ಮ ಮನೆಯ ಬಲ್ಬಿಗೆ ಮಾತ್ರ ದಾರಿ ಮರೆತುಹೋಗುತ್ತದೆ. ಚಾರ್ಜಿಲ್ಲದೆ ಗಾಡಿ ನಿಂತಿತು. ರಾತ್ರಿ ಕರೆಂಟು ಬಂದು ಚಾರ್ಜಾಯಿತು; ಬಾಕಿಯಾದ ಕಸ ಎತ್ತಲು ಮರುದಿನ ಬೆಳಕು ಹರಿಯುತ್ತಲೇ ಹೊರಟೆ. ಮೇಲಿನಕೇರಿಯ ಮೊದಲ ಮನೆ ಪದ್ಮಕ್ಕನದು. ಬಸದಿಗೆ ಹೋಗಿ ಬರದೆ ಬಾಯಿಗೆ ನೀರು ಹಾಕದವರು, ಸ್ನಾನ ಮಾಡದೆ ಅಡುಗೆಮನೆಯ ಹೊಸ್ತಿಲು ದಾಟದವರು. ಗೇಟಲ್ಲಿ ಬಕೆಟ್ ಇರಲಿಲ್ಲ. ಕೇಳೋಣವೆಂದು ಹಿತ್ತಲಿಗೆ ಸುತ್ತಿ ಹೋದೆ.

ಪದ್ಮಕ್ಕ ಬಚ್ಚಲೊಲೆಯ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದರು. ಕೈಯಲ್ಲಿ ಹಾಲಿನ ಕವರಿನ ದಪ್ಪ ಕಟ್ಟು. ಒಂದೊಂದೇ ಎಳೆದು, ಸುರುಳಿ ಸುತ್ತಿ, ಕಡ್ಡಿ ಗೀರಿ, ಒದ್ದೆ ಸೌದೆಯ ಕೆಳಗೆ ತುರುಕುತ್ತಿದ್ದರು. ಕಪ್ಪು ಹೊಗೆ ಎಮ್ಮೆಯ ಹಾಗೆ ನಿಧಾನಕ್ಕೆ ಹೊರಗೆ ಬರುತ್ತಿತ್ತು. ಡೀಸೆಲ್ ಗಾಡಿಯಾಗಿದ್ದರೆ ತಿರುವಿನಲ್ಲೇ ಸುದ್ದಿ ಮುಟ್ಟಿ, ಕಟ್ಟು ಸೆರಗಿನೊಳಗೆ ಹೋಗುತ್ತಿತ್ತು. ಗಾಡಿಗೆ ಸದ್ದಿಲ್ಲದ್ದಕ್ಕೆ ಗುಟ್ಟು ರಟ್ಟಾಯಿತು.

"ಎಂತ ಪದ್ಮಕ್ಕ ಇದು?"

ಅವರು ಬೆಚ್ಚಿಬಿದ್ದರು. "ಅಯ್ಯೋ! ಕಳ್ಳನ ಹಂಗೆ ಬರ್ತೀಯಲ ಮಾರಾಯ! ಹೆಂಗಸ್ರು ಇರೋ ಬಚ್ಲು ಕಡೆ ಬರೋನು ಒಂದ್ಸಲ ಕೆಮ್ಮಬಾರ್ದನಾ?"

"ಗಾಡಿಗೆ ಸದ್ದಿಲ್ಲ."

"ನಿಂಗಿಲ್ಲನಾ?"

ಉತ್ತರ ಹೇಳಲು ಬಾಯಿ ತೆರೆದೆ. ಹೊಗೆ ಗಂಟಲಿಗಿಳಿದು, ಅವರು ಕೇಳಿದ ಕೆಮ್ಮು ತಡವಾಗಿಯಾದರೂ ಧಾರಾಳವಾಗಿ ಬಂತು. ಕಣ್ಣೊರೆಸಿಕೊಂಡು, ಸುಡಬಾರದು, ನಿರ್ಣಯವಾಗಿದೆ, ಪ್ಲಾಸ್ಟಿಕ್ ಬರದಿದ್ದರೆ ಗಾಡಿ ಹೋಗುತ್ತದೆ, ನಾನು ಲಾರಿಗೆ ಹೋಗಬೇಕು ಎಂದೆಲ್ಲ ಒದರಿದೆ.

"ಸೀಮೆಎಣ್ಣೆ ಕೊಡ್ತಿದ್ರು, ನಿಲ್ಸಿದ್ರು. ಸೌದೆ ಮುಟ್ಟಿದ್ರೆ ನೀರು ಇಳೀತದೆ. ನಿನ್ ಪಿಡಿಓನ ಕರ್ಕಂಡ್ ಬಾ. ಕವರಿಲ್ದೆ ಈ ಒಲೆ ಹಚ್ಚಿ ತೋರ್ಸ್ಲಿ, ಆಮೇಲೆ ನಿರ್ಣಯ ಮಾಡ್ಲಿ" ಎಂದರು ಪದ್ಮಕ್ಕ. ಆಮೇಲೆ ದನಿ ತಗ್ಗಿಸಿ ಮುಂದುವರಿಸಿದರು: "ಅಷ್ಟಕ್ಕೂ ನಂಗೆ ಬುದ್ಧಿ ಹೇಳಕ್ಕೆ ಬಂದೀಯ. ನಿಮ್ಮಮ್ಮಂಗೆ ಕವರಲ್ಲಿ ಒಲೆ ಹಚ್ಚಕ್ಕೆ ಕಲ್ಸಿದ್ದೇ ನಾನು."

ಗಾಡಿ ಅಲ್ಲೇ ಬಿಟ್ಟು ಮನೆಗೆ ನಡೆದೆ. ಬಚ್ಚಲ ಮಾಡಿನ ಕೆಳಗೆ, ಹಂಚಿಗೂ ಅದನ್ನು ಹೊತ್ತ ರೀಪಿನ ಪಟ್ಟಿಗೂ ನಡುವೆ, ಕೈಹಾಕಿದ ಕೂಡಲೇ ಸಿಕ್ಕಿತು. ತೊಳೆದು ಒಣಗಿಸಿ, ಬಾಳೆನಾರಿನಲ್ಲಿ ಕಟ್ಟಿಟ್ಟ ಹಾಲಿನ ಕವರಿನ ಕಟ್ಟು.

ಅಮ್ಮ ಬಾಗಿಲಲ್ಲಿ ನಿಂತಿದ್ದಳು. "ಅದ್ನ ಮುಟ್ಬೇಡ. ನಾಳೆ ಸ್ನಾನಕ್ಕೆ ನೀನೇ ಬಿಸ್ನೀರು ಕೇಳ್ತೀಯ."

ಕಟ್ಟನ್ನು ಇದ್ದಲ್ಲೇ ಇಟ್ಟೆ. ಊರಿನ ಕಸವನ್ನೆಲ್ಲ ಹೊರುವ ನನಗೆ ನನ್ನ ಮನೆಯ ಕವರು ಎಲ್ಲಿ ಹೋಗುತ್ತದೆಂದು ಒಂದು ದಿನವೂ ಹೊಳೆದಿರಲಿಲ್ಲ. ಯೋಚಿಸಿದರೆ, ಕವರು ಸುಟ್ಟ ಆ ವಾಸನೆ ನನಗೆ ಹೊಸದೂ ಅಲ್ಲ. ಚಿಕ್ಕಂದಿನಲ್ಲಿ ಅದು ಮೂಗಿಗೆ ಬಡಿದರೆ ನೀರು ಕಾಯುತ್ತಿದೆ ಎಂದು ಅರ್ಥ. ಲಾರಿಯಲ್ಲಿದ್ದಾಗ ಯಾವುದೋ ಊರಿನ ಹೊರಗೆ ಕಸ ಉರಿಯುತ್ತಿದ್ದರೆ ನನಗೆ ಮನೆ ನೆನಪಾಗುತ್ತಿತ್ತು. ಯಾಕೆಂದು ಈಗ ತಿಳಿಯಿತು. ನಾನು ಹೊಗಳಿಕೊಂಡು ತಿರುಗುವ ಬಿಸಿನೀರಿನ ಸುಖವೇ ನನ್ನನ್ನು ಮನೆಯಿಂದ ಮತ್ತೆ ಲಾರಿಗೆ ಹೊರಡಿಸುವ ಈ ಕಟ್ಟಿನಲ್ಲಿ ಕೂತಿತ್ತು.

ಪದ್ಮಕ್ಕನ ಮಾತು ಸರಿ. ಬೇಡ ಎನ್ನುವವನು ಬದಲಿಗೆ ಏನಾದರೂ ಕೈಯಲ್ಲಿ ಹಿಡಿದು ಹೋಗಬೇಕು. ನನ್ನ ಕೈಯಲ್ಲಿ ಏನಿದೆ? ಮಧ್ಯಾಹ್ನ ಬಸ್‌ಸ್ಟ್ಯಾಂಡಿನ ಅಂಗಡಿಗಳ ಕಸ ಎತ್ತುವಾಗ ಕಂಡಿತು: ಬಿಸ್ಕತ್ತಿನ, ಸೋಪಿನ, ಬಲ್ಬಿನ ರಟ್ಟಿನ ಪೆಟ್ಟಿಗೆಗಳು, ಹಪ್ಪಳದಂತೆ ಒಣಗಿದ್ದವು, ಗಾಡಿಯ ಅರ್ಧ ಅವೇ. ಒಂದು ಪೆಟ್ಟಿಗೆ ಬಿಚ್ಚಿ, ಪಟ್ಟಿಪಟ್ಟಿಯಾಗಿ ಹರಿದು, ಪ್ಲಾಸ್ಟಿಕ್ ಟೇಪು ಕಿತ್ತು, ಮರುದಿನ ಪದ್ಮಕ್ಕನ ಒಲೆಯ ಮುಂದೆ ಕೂತೆ. ಮೊದಲ ಸಲ ಹತ್ತಲಿಲ್ಲ. ಪದ್ಮಕ್ಕ ನಕ್ಕರು. ಎರಡನೇ ಸಲ ಪಟ್ಟಿಗಳನ್ನು ನಿಲ್ಲಿಸಿ ಗೂಡುಕಟ್ಟಿ ಹಚ್ಚಿದೆ. ಹತ್ತಿತು. ಸೌದೆ ಸ್ವಲ್ಪ ಹೊತ್ತು ಸುಂಯ್ ಎಂದು ಮುನಿಸಿಕೊಂಡು ಆಮೇಲೆ ಒಪ್ಪಿತು.

"ಕವರಿನಷ್ಟು ಬೇಗ ಹತ್ತಲ್ಲ" ಎಂದರು ಪದ್ಮಕ್ಕ.

"ಕೆಮ್ಮು ಬರಲ್ಲ."

"ಹೌದನಾ" ಎಂದು ಇನ್ನೊಂದು ಪಟ್ಟಿ ಒಲೆಗೆ ಹಾಕಿ, "ದಿನಾ ತರ್ತೀಯನಾ?" ಎಂದರು.

ಒಂದು ಕಟ್ಟು ಕವರಿಗೆ ಒಂದು ಪೆಟ್ಟಿಗೆ ರಟ್ಟು ಎಂದು ಮಾತಾಯಿತು. ವಾರದಲ್ಲಿ ಕೇರಿಗೆಲ್ಲ ಹಬ್ಬಿತು. ಅಮ್ಮ ಕೊನೆಯವಳಾಗಿ ಒಪ್ಪಿದಳು, ಅದೂ ಮಗನೆಂದು ಎರಡು ಪೆಟ್ಟಿಗೆ ತೆಗೆದುಕೊಂಡು.

ಪಿಡಿಓಗೆ ತಿಳಿದಾಗ ತಲೆಗೆ ಕೈಯಿಟ್ಟರು. "ಕಸ ಕೊಟ್ಟು ಕಸ ತಗೊಳ್ಳೋದು ಯಾವ ಸುತ್ತೋಲೆಯಲ್ಲಿದೆಯೋ? ರಟ್ಟು ಸುಟ್ಟರೂ ಇಂಗಾಲವೇ ಬರೋದು!"

"ನಂಗೆ ಇಂಗಾಲ ಕಾಣಲ್ಲ ಸಾರ್. ಹೊಗೆ ಕಾಣ್ತದೆ. ಅವಾಗ ಕಪ್ಪಗಿತ್ತು, ಈಗ ಬೆಳ್ಳಗಿದೆ. ಒಂದಿನ ಬೆಳಿಗ್ಗೆ ಬಂದು ನೋಡಿ" ಎಂದೆ.

ಬಂದರು. ಪದ್ಮಕ್ಕ ಅವರನ್ನೂ ಒಲೆಯ ಮುಂದೆ ಕೂರಿಸಿ ಹಚ್ಚಿಸಿದರು. ಮೂರು ಕಡ್ಡಿ ಖರ್ಚು ಮಾಡಿ ಪಿಡಿಓ ಎದ್ದು, ಕನ್ನಡಕ ಒರೆಸಿಕೊಂಡು, ರಟ್ಟೂ ಯಾಕೆ, ಮುಂದಿನ ಮಳೆಗಾಲಕ್ಕೆ ಬಿಸಿಲಿರುವಾಗಲೇ ಸೌದೆ ಒಣಗಿಸಿಡಲು ಕೇರಿಗೊಂದು ಶೀಟಿನ ಮಾಡು ಕಟ್ಟಿಸಿದರೆ ಹೇಗೆ ಎಂದರು. ಸುತ್ತೋಲೆಯ ಪದವಿಲ್ಲದೆ ಅವರು ಕೊಟ್ಟ ಮೊದಲ ಸಲಹೆ ಅದು. ಕೇರಿಗೆ ಕೇರಿಯೇ ತಲೆಯಾಡಿಸಿತು. ಮಳೆ ಬಿಟ್ಟಿತು, ಗಾಡಿ ಇಲ್ಲೇ ಉಳಿಯಿತು, ನಾನೂ ಉಳಿದೆ.

ಗಾಡಿಗೆ ಈಗಲೂ ಸದ್ದಿಲ್ಲ. ಸ್ಪೀಕರ್ ರಿಪೇರಿಗೆ ಹೋಗಿದೆ, ಬರುವ ಲಕ್ಷಣವಿಲ್ಲ. ಮೇಲಿನಕೇರಿಯ ತಿರುವಿನಲ್ಲಿ ಗಾಡಿ ನಿಲ್ಲಿಸಿ, ಪದ್ಮಕ್ಕನ ಹಿತ್ತಲಿಗೆ ಕಾಲಿಡುವ ಮುಂಚೆ ಮರ್ಯಾದೆಗೆ ನಾನೇ ಕೆಮ್ಮುತ್ತೇನೆ. ಮೊದಲ ದಿನ ಅಲ್ಲಿ ಆ ಕೆಮ್ಮು ಹೊಗೆಗೆ ತಾನಾಗಿ ಬಂದಿತ್ತು. ಈಗ ಕಷ್ಟಪಟ್ಟು ತರಿಸಿಕೊಳ್ಳಬೇಕು.