ಅಕ್ಕನ ಗುಬ್ಬಿ ಮತ್ತು ಏಳನೆಯ ಗುಂಡಿ

ಇವತ್ತು ಕಲ್ಯಾಣದ ರದ್ದಿ ಅಂಗಡಿಯಲ್ಲಿ ಹಳೆಯ ಬುಲ್‌ಬುಲ್ ತರಂಗ್ ವಾದ್ಯ ಕಂಡೆ. ತಂತಿಗಳ ಮೇಲೆ ಅದೇ ನಂಬರಿನ ಗುಂಡಿಗಳು.

ಡೊಂಬಿವಲಿಯ ಚಾಳಿನಲ್ಲಿ ನಮ್ಮಲ್ಲೂ ಒಂದಿತ್ತು. ಅಕ್ಕ ಕ್ಯಾಲೆಂಡರ್ ಹಾಳೆಗಳ ಹಿಂಬದಿಯಲ್ಲಿ ನನಗೊಂದು ಕತೆಪುಸ್ತಕ ಮಾಡುತ್ತಿದ್ದಳು. ಲೋಕಲ್ ರೈಲು ಹತ್ತಿ ಊರಿಗೆ ಹೊರಟ ಗುಬ್ಬಿಯ ಕತೆ. ಮನೆಯಲ್ಲಿದ್ದ ಬಣ್ಣ ಅರಿಸಿನ, ಹಾಗಾಗಿ ಗುಬ್ಬಿಯೂ ಹಳದಿ. ಪುಟಕ್ಕೊಂದು ಹಾಡು, ಅಕ್ಷರಗಳ ಕೆಳಗೆ ನಾನು ಒತ್ತಬೇಕಾದ ಗುಂಡಿಯ ನಂಬರು. ಶಹಾಡಿನ ಫ್ಯಾಕ್ಟರಿಯಿಂದ ಬಂದ ಅಪ್ಪ ಅಂಗಿ ಬಿಚ್ಚುವ ಮೊದಲೇ ಕೇಳುತ್ತಿದ್ದರು, "ಗುಬ್ಬಿ ಇವತ್ತು ಯಾವ ಸ್ಟೇಷನ್ನಿಗೆ ಬಂತು ಮಗಾ?"

ಒಮ್ಮೆ ಹಾಡು ಕೂಡಿಬರಲಿಲ್ಲವೆಂದು ಸಿಟ್ಟಿನಲ್ಲಿ ಗುದ್ದಿ ಏಳನೆಯ ಗುಂಡಿ ಮುರಿದೆ. ಅಕ್ಕ ಬಯ್ಯಲಿಲ್ಲ. "ಇರ್ಲಿ ಮಾರಾಯ, ಏಳು ಇಲ್ಲದೆಯೂ ಹಾಡು ಬರ್ತದೆ" ಎಂದು ನಂಬರುಗಳನ್ನೆಲ್ಲ ರಬ್ಬರಿನಲ್ಲಿ ಅಳಿಸಿ, ಏಳು ಬಾರದಂತೆ ಹಾಡುಗಳನ್ನು ಮತ್ತೆ ಕಟ್ಟಿದಳು.

ಆ ಮಳೆಗಾಲ ಅವಳ ಕಣ್ಣುಗಳೂ ಗುಬ್ಬಿಯಷ್ಟೇ ಹಳದಿಯಾದವು. ಕಾಮಾಲೆ. ಆಸ್ಪತ್ರೆಯಿಂದ ಅವಳು ಮರಳಲಿಲ್ಲ. ಗುಬ್ಬಿ ಕಲ್ಯಾಣ ಸ್ಟೇಷನ್ನಿನಲ್ಲೇ ಉಳಿಯಿತು. ಅಪ್ಪ ಮತ್ತೆಂದೂ ಅದರ ಸುದ್ದಿ ಕೇಳಲಿಲ್ಲ.

"ವಾಜವೂನ್ ಬಘಾ, ಕಾಕಾ" ಎಂದ ಅಂಗಡಿಯವನು, ನುಡಿಸಿ ನೋಡಿ ಎಂದು. ಅಕ್ಕನ ಪುಸ್ತಕದ ಮೊದಲ ಪುಟದ ಹಾಡು ನುಡಿಸಿದೆ. ಏಳನೆಯ ಗುಂಡಿ ಗಟ್ಟಿಯಾಗಿಯೇ ಇತ್ತು. ನನ್ನ ಬೆರಳು ಅದನ್ನು ಮುಟ್ಟಲಿಲ್ಲ.